ಒಂದು ವಸ್ತುವಿಗೆ ಒಂದೇ ಖಾತೆ ಇರಲಿ

ಶಿಕಾರಿಪುರ, ಸೊರಬದ ಕಡೆ ಅಡಿಕೆ ಗೊತ್ತಿಲ್ಲದ ಮನೆ ಇಲ್ಲ. ಕನ್ನಡದವರು ಅಡಿಕೆ ಎನ್ನುತ್ತಾರೆ, ನಮ್ಮ ಉರ್ದು ಮನೆಗಳಲ್ಲಿ ಸುಪಾರಿ ಎನ್ನುತ್ತೇವೆ. ಯಾರು ಏನೇ ಕರೆದರೂ ಜಿಎಸ್‌ಟಿ ಬಿಲ್‌ನಲ್ಲಿ ಅದರ ಎಚ್‌ಎಸ್‌ಎನ್ ಸಂಖ್ಯೆ 0802ರಿಂದಲೇ ಶುರುವಾಗುತ್ತದೆ. ಆದರೆ ಅದನ್ನೇ ಕತ್ತರಿಸಿ, ಸುವಾಸನೆ ಬೆರೆಸಿ, ಪೊಟ್ಟಣದಲ್ಲಿ ಮಾರುವ ‘ಸುಪಾರಿ’ 2106ರ ಗುಂಪಿಗೆ ಸೇರುತ್ತದೆ. ಅಂದರೆ ಒಂದೇ ವಸ್ತುವಿಗೆ ಎರಡು ಹೆಸರಿರಬಹುದು, ಒಂದೇ ಹೆಸರಿನಲ್ಲಿ ಎರಡು ವಸ್ತುಗಳೂ ಇರಬಹುದು. ಇದನ್ನು ಬಿಡಿಸಿಕೊಳ್ಳದೆ ಲೆಡ್ಜರ್ ಬರೆದರೆ ತಾಳೆಪಟ್ಟಿ ಸರಿಹೋಗಬಹುದು, ವ್ಯಾಪಾರದ ನಿಜಸ್ಥಿತಿ ಮಾತ್ರ ತಿಳಿಯುವುದಿಲ್ಲ.

ಜೀವವಿಜ್ಞಾನಿಗಳಿಗೂ ಇದೇ ತೊಂದರೆ ಇತ್ತು ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು. ಅವರ ತೊಂದರೆ ಸಿಲಿಯಾ ಬಗ್ಗೆ. ಕನ್ನಡದಲ್ಲಿ ಲೋಮಾಂಗ ಎನ್ನುತ್ತಾರೆ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿರುವ ಈ ಸೂಕ್ಷ್ಮ ಕೂದಲುಗಳು ಸೆಕೆಂಡಿಗೆ ಹತ್ತಾರು ಬಾರಿ ಬಡಿದು ಧೂಳು, ಕಫವನ್ನು ಮೇಲಕ್ಕೆ ತಳ್ಳುತ್ತವೆ. ಮೂತ್ರಪಿಂಡದಲ್ಲಿ, ಕಣ್ಣಿನ ರೆಟಿನಾದಲ್ಲಿ ಅಲ್ಲಾಡದ ಸಿಲಿಯಾಗಳೂ ಇವೆ. ಅವು ಜೀವಕೋಶಕ್ಕೆ ಹೊರಗಿನ ಸುದ್ದಿ ಮುಟ್ಟಿಸುತ್ತವೆ.

ವೀರ್ಯಾಣುವಿನ ಬಾಲ, ಕ್ಲಾಮಿಡೊಮೊನಾಸ್ ಎಂಬ ಪಾಚಿಯ ಬಾಲ, ಇವನ್ನು ಹಿಂದಿನಿಂದ ಫ್ಲಜೆಲ್ಲಾ ಎಂದು ಕರೆಯುತ್ತಿದ್ದರು. ರಚನೆಯಲ್ಲಿ ಅವು ಸಿಲಿಯಾವೇ. ಬ್ಯಾಕ್ಟೀರಿಯಾದ ಬಾಲಕ್ಕೂ ಫ್ಲಜೆಲ್ಲಾ ಎಂದೇ ಹೆಸರು, ಅದರ ರಚನೆ ಮಾತ್ರ ಪೂರ್ತಿ ಬೇರೆ. ಓದುವ ಮನುಷ್ಯ ಇದನ್ನು ಊಹಿಸಿಕೊಳ್ಳುತ್ತಾನೆ, ಕಂಪ್ಯೂಟರಿಗೆ ಅದು ಸಾಧ್ಯವಿಲ್ಲ. 2000ದಲ್ಲಿ ಆದದ್ದನ್ನು ನೋಡಿ. ಪಾಚಿಯ ಬಾಲ ಬೆಳೆಯಲು ಬೇಕಾದ ಐಎಫ್‌ಟಿ88 ಎಂಬ ಜೀನ್, ಇಲಿಯ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬರಿಸುವ ಟಿಜಿ737 ಎಂಬ ಜೀನ್, ಎರಡೂ ಒಂದೇ ಎಂದು ಗೊತ್ತಾಯಿತು. ಎರಡು ಹೆಸರಿನ ಎರಡು ಖಾತೆಗಳು ಸೇರಿದ ಮೇಲೆ ಮೂತ್ರಪಿಂಡದ ಕಾಯಿಲೆಗೂ ಸಿಲಿಯಾಗೂ ಇರುವ ನಂಟು ಕಾಣಿಸಿತು.

ಇಂಥ ಖಾತೆಗಳನ್ನು ಸರಿಪಡಿಸಲೆಂದೇ ‘ಜೀನ್ ಆಂಟಾಲಜಿ’ ಎಂಬ ಪದಪಟ್ಟಿ ಇದೆ. ನೊಣ, ಯೀಸ್ಟ್, ಇಲಿಗಳ ಮಾಹಿತಿ ಸಂಗ್ರಹಗಳನ್ನು ಒಂದೇ ಭಾಷೆಗೆ ತರಲು 1998ರಲ್ಲಿ ಶುರುವಾದದ್ದು. ಅದರಲ್ಲಿ ಪ್ರತಿ ಪದಕ್ಕೂ ಸಂಖ್ಯೆ ಇದೆ, ಸಿಲಿಯಮ್‌ನದ್ದು 0005929. ಸಿಲಿಯಾ ಸಂಶೋಧಕರೂ ಈ ಪಟ್ಟಿಯವರೂ ಕೂತು ಪದಗಳನ್ನು ಪರಿಷ್ಕರಿಸಿದರು, ಬ್ಯಾಕ್ಟೀರಿಯಾದ ಬಾಲಕ್ಕೆ ಬೇರೆ ಖಾತೆ ಇಟ್ಟರು. ಆ ಕೆಲಸದ ವಿವರ 2017ರಲ್ಲಿ ಪ್ರಕಟವಾಯಿತು.

‘ಇದು ವಿಜ್ಞಾನ ವಿಭಾಗದವರ ಪಾಠ, ನಿನಗೇಕೆ?’ ಎಂದು ಕೇಳಬಹುದು. ಏಕೆಂದರೆ ಇದು ನಮ್ಮ ಮನೆಗಳಿಗೂ ಬರುವ ವಿಷಯ. ಬಾರ್ಡೆಟ್-ಬೀಡ್ಲ್ ಸಿಂಡ್ರೋಮ್ ಎಂಬುದು ಸಿಲಿಯಾ ಕೆಟ್ಟಾಗ ಬರುವ ಅಪರೂಪದ ಕಾಯಿಲೆ. ಮಗುವಿಗೆ ಹುಟ್ಟುವಾಗ ಆರು ಬೆರಳಿರಬಹುದು, ಮೈ ದಪ್ಪವಾಗಬಹುದು, ಆಮೇಲೆ ರಾತ್ರಿ ಕಣ್ಣು ಕಾಣದೆ ಹೋಗಬಹುದು, ಮೂತ್ರಪಿಂಡ ಸೋಲಬಹುದು. ಒಂದೇ ಮಗುವಿನ ಹೆಸರಿನಲ್ಲಿ ನಾಲ್ಕು ಡಾಕ್ಟರುಗಳ ಹತ್ತಿರ ನಾಲ್ಕು ಫೈಲು. ಇವನ್ನು ಯಾರೂ ಒಟ್ಟಿಗೆ ಇಟ್ಟು ನೋಡದಿದ್ದರೆ ಕಾಯಿಲೆಯ ಹೆಸರು ತಿಳಿಯಲು ವರ್ಷಗಳೇ ಬೇಕು.

ತಂದೆ ತಾಯಿ ಇಬ್ಬರಲ್ಲೂ ಅದೇ ಜೀನಿನ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಆ ಅಪಾಯ ಹೆಚ್ಚು. ನಮ್ಮಲ್ಲಿ ಚಾಚಾ, ಮಾಮೂ, ಖಾಲಾ ಮಕ್ಕಳ ನಡುವೆ ಮದುವೆಗಳಾಗುತ್ತವೆ. ಹಿಂದೂ ಮನೆಗಳಲ್ಲಿ ಅತ್ತೆ-ಮಾವನ ಮಕ್ಕಳ ನಡುವೆ, ಅಕ್ಕನ ಮಗಳ ಜೊತೆ ಆಗುತ್ತವೆ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಡಾಕ್ಟರ್ ಕೇಳಿದಾಗ ಇದನ್ನು ಮುಚ್ಚಿಡಬಾರದು ಎಂಬುದಷ್ಟೇ ನನ್ನ ಮಾತು.

ರೋಗಲಕ್ಷಣಗಳಿಗೂ ‘ಹ್ಯೂಮನ್ ಫಿನೋಟೈಪ್ ಆಂಟಾಲಜಿ’ ಎಂಬ ಪಟ್ಟಿ ಇದೆ. ಅದರಲ್ಲಿ ಇರುಳು ಕುರುಡಿನ ಸಂಖ್ಯೆ 0000662. ನಾಲ್ಕು ಫೈಲಿನ ಲಕ್ಷಣಗಳನ್ನು ಸಂಖ್ಯೆಯಲ್ಲಿ ಕೊಟ್ಟರೆ ಯಾವ ಕಾಯಿಲೆ ಇರಬಹುದೆಂದು ಕಂಪ್ಯೂಟರ್ ಸೂಚಿಸಬಲ್ಲದು. ಈ ಪಟ್ಟಿಯವರು ವೈದ್ಯರ ಪದಗಳ ಪಕ್ಕದಲ್ಲಿ ಜನ ಆಡುವ ಸರಳ ಇಂಗ್ಲಿಷ್ ಪದಗಳನ್ನೂ ಸೇರಿಸಿದ್ದಾರೆ. ಆದರೆ ನಮ್ಮ ಮನೆಯ ಅಮ್ಮಿ, ನಾನಿ ಆ ಇಂಗ್ಲಿಷನ್ನೂ ಆಡುವುದಿಲ್ಲ. ‘ರಾತ್ ಕೋ ದಿಖ್ತಾ ನೈ’ ಎನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ‘ಕತ್ತಲಾದರೆ ಕಣ್ಣು ಕಾಣಲ್ಲ’ ಎನ್ನುತ್ತಾರೆ. ಎಷ್ಟೋ ಸಲ ನಡುವೆ ನಿಂತು ಕನ್ನಡದಲ್ಲಿ ಹೇಳುವವರು ಏಳನೇ ಕ್ಲಾಸಿನ ಮಕ್ಕಳು. ಮಗು ಬಿಟ್ಟ ಮಾತು ಫೈಲಿಗೆ ಹೋಗುವುದಿಲ್ಲ.

ಮನೆಮಾತು ದೊಡ್ಡ ಪಟ್ಟಿಯ ಜೊತೆ ಸೇರುವುದು ಅಸಾಧ್ಯವೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಜನ ಮಂಗನ ಕಾಯಿಲೆ ಎಂದರು, ವಿಜ್ಞಾನಿಗಳು ಕೆಎಫ್‌ಡಿ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೇ ರೋಗಪಟ್ಟಿಯಲ್ಲಿ ಅದು ಎ98.2. ಇವತ್ತು ನಮ್ಮ ಕಡೆ ಯಾರಾದರೂ ‘ಮಂಗನ ಕಾಯಿಲೆ’ ಎಂದರೆ ಆಶಾ ಕಾರ್ಯಕರ್ತೆಗೂ ಡಾಕ್ಟರಿಗೂ ತಕ್ಷಣ ಅರ್ಥವಾಗುತ್ತದೆ. ಉಳಿದ ಕಾಯಿಲೆಗಳ ಮನೆಮಾತಿಗೂ ಇದೇ ಬೆಲೆ ಸಿಗಬೇಕು.

ಆದ್ದರಿಂದ ಕಾಲೇಜಿಗೆ ನನ್ನದೊಂದು ಸಲಹೆ. ಪ್ರತಿ ವಿದ್ಯಾರ್ಥಿ ತನ್ನ ಮನೆಯ ಹಿರಿಯರು ನೋವು, ಕೆಮ್ಮು, ಕಣ್ಣು, ಉಸಿರಿನ ಬಗ್ಗೆ ಆಡುವ ಹತ್ತು ಮಾತುಗಳನ್ನು ಬರೆದು ತರಲಿ. ಉರ್ದು ಮತ್ತು ಕನ್ನಡ ಉಪನ್ಯಾಸಕರು ಅರ್ಥ ನೋಡಲಿ, ಜೀವಶಾಸ್ತ್ರದ ಉಪನ್ಯಾಸಕರು ಸರಿಯಾದ ವೈದ್ಯಕೀಯ ಪದ ಹಾಕಲಿ, ಒಬ್ಬ ಡಾಕ್ಟರ್ ಕೊನೆಯಲ್ಲಿ ಪರಿಶೀಲಿಸಲಿ. ಎಕ್ಸೆಲ್‌ನಲ್ಲಿ ಟೈಪ್ ಮಾಡಿ, ಒಂದೇ ಮಾತು ಎರಡು ಸಲ ಬರದಂತೆ ನೋಡಿಕೊಳ್ಳುವ ಕೆಲಸ ವಾಣಿಜ್ಯ ವಿಭಾಗದ ನಮಗಿರಲಿ. ಅದರ ಒಂದು ಪ್ರತಿ ಊರಿನ ಆಸ್ಪತ್ರೆಗೂ ಹೋಗಲಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ