ಕಲೆ ಬಟ್ಟೆಗೋ, ಪಗಾರಕ್ಕೋ?



ಮಾಣಿಯ ಕೈ ಜಾರಿ ಬಿಳಿ ಮೇಜುಬಟ್ಟೆಯ ಮೇಲೆ ಸಾಂಬಾರು ಚೆಲ್ಲಿತು. ತಿಂಗಳ ಕೊನೆಗೆ ಅವನ ಪಗಾರದಲ್ಲಿ ಹೊಸ ಬಟ್ಟೆಯ ಬೆಲೆ ಕಡಿತ! ಕೇಳಿದರೆ ಗಲ್ಲಾದಿಂದ ಬರುವ ಉತ್ತರ: “ಅರಸಿನದ ಕಲೆ ಹೋಗುವುದಿಲ್ಲ ಮಾರಾಯ, ಬಟ್ಟೆ ಹಾಳಾಯಿತು.” ಇದು ಸುಳ್ಳು. ಮೋರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆದ ನಾವು ಹೇಳುತ್ತೇವೆ, ಸುಳ್ಳು.

ಅರಸಿನದ ಕಲೆಗೆ ಸಾಬೂನು ತಾಗಿದೊಡನೆ ಅದು ಕೆಂಪಗಾಗುತ್ತದೆ. ಬೆದರಬೇಕಾಗಿಲ್ಲ, ಅದು ಸಾಬೂನಿನ ಕ್ಷಾರದ ಗುಣ. ಎಣ್ಣೆಯ ಜಿಡ್ಡು ಬಿಡುವತನಕ ತಿಕ್ಕಿ, ಚೆನ್ನಾಗಿ ಜಾಲಿಸಿ, ಬಿರುಬಿಸಿಲಿಗೆ ಹರವಿದರೆ ಬಣ್ಣ ತಾನಾಗಿ ಮಾಸುತ್ತದೆ. ಬಿಸಿಲಿಗೆ ಬಾಡಿಗೆ ಇಲ್ಲ. ಚಹಾ ಚೆಲ್ಲಿದರೆ ಆಗಿಂದಾಗಲೇ ತಣ್ಣೀರು. ರಕ್ತಕ್ಕೂ ತಣ್ಣೀರೇ, ಬಿಸಿನೀರು ಬಿದ್ದರೆ ಅದು ಕಚ್ಚಿಕೊಳ್ಳುತ್ತದೆ. ಬಿಳಿ ಬಟ್ಟೆಯ ತುಕ್ಕಿಗೆ ಲಿಂಬೆರಸ, ಉಪ್ಪು, ಬಿಸಿಲು. ಕಲೆ ಹೋಗುವ ಮೊದಲು ಇಸ್ತ್ರಿ ಮಾತ್ರ ಕೂಡದು.

ಹಾಗಾದರೆ ಕಲೆ ಹಟ ಹಿಡಿಯುವುದೇಕೆ? ಒಣಗಲು ಬಿಟ್ಟದ್ದರಿಂದ. ಬಿಟ್ಟವರು ಯಾರು? ಚೆಲ್ಲಿದ ಗಳಿಗೆಯಲ್ಲಿ ಎರಡು ನಿಮಿಷ, ಒಂದು ತಂಬಿಗೆ ನೀರು ಸಿಕ್ಕಿದ್ದರೆ ಮುಗಿಯುತ್ತಿತ್ತು. “ಗಿರಾಕಿ ಕಾಯುತ್ತಾರೆ, ಓಡು” ಎಂದವರೇ ರಾತ್ರಿ ಬಾಗಿಲು ಹಾಕಿದ ಮೇಲೆ ಲೆಕ್ಕ ಬರೆಯುವುದು ಯಾವ ನ್ಯಾಯ?

ಕಾನೂನು ಏನೆನ್ನುತ್ತದೆ? 1936ರ ವೇತನ ಪಾವತಿ ಕಾಯಿದೆಯಲ್ಲೂ, ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಮಾತು ಒಂದೇ. ವಸ್ತುವನ್ನು ಕೆಲಸಗಾರನ ವಶಕ್ಕೆಂದೇ ಒಪ್ಪಿಸಿರಬೇಕು. ಅವನ ಅಲಕ್ಷ್ಯದಿಂದಲೇ ಅದು ಕೆಟ್ಟಿರಬೇಕು. ಆದ ನಷ್ಟಕ್ಕಿಂತ ಹೆಚ್ಚು ಕಡಿಯಕೂಡದು. ಕಡಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. ಕಡಿದದ್ದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಒಗೆದರೆ ಹೋಗುವ ಕಲೆಗೆ ಹೊಸ ಬಟ್ಟೆಯ ಬೆಲೆ ನಷ್ಟವಾಗುವುದು ಹೇಗೆ?

ಇನ್ನೊಂದು ಎಚ್ಚರಿಕೆ. ಕಡಿತದ ಹೆದರಿಕೆಯಿಂದ ಕಲೆ ತೆಗೆಯಲು ಹೋಗಿ ಬ್ಲೀಚಿಂಗ್ ಪೌಡರಿಗೆ ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಯಾರೂ ಬೆರೆಸಬಾರದು. ಅದರಿಂದ ಏಳುವುದು ಕ್ಲೋರಿನ್ ಎಂಬ ವಿಷಗಾಳಿ. ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಎರವಾದೀತು. ಬಟ್ಟೆ ಹೋದರೆ ಮಂಗಲದಾಸ ಮಾರ್ಕೆಟಿನಲ್ಲಿ ಸಿಕ್ಕೀತು; ಎದೆ ಹಾಳಾದರೆ ತಂದುಕೊಡುವ ಧಣಿ ಯಾರು?

ನಾವು ದಾನ ಕೇಳುತ್ತಿಲ್ಲ. ಸಾಬೂನು ಕೊಡಿ, ನೀರು ಕೊಡಿ, ಎರಡು ನಿಮಿಷ ಕೊಡಿ. ಬಟ್ಟೆಯ ಕಲೆ ನಾವು ತೆಗೆಯುತ್ತೇವೆ. ಬಡವನ ಪಗಾರ ಕಡಿದ ಕಲೆಯನ್ನು ಮಾಲೀಕರು ಯಾವ ಸಾಬೂನಿನಿಂದ ತೊಳೆದುಕೊಳ್ಳುತ್ತಾರೆ?

ಬಂಧುಗಳೇ, ಕಡಿತ ಮಾಡಿದರೆ ಸುಮ್ಮನಿರಬೇಡಿ. ಲೆಕ್ಕ ಕೇಳಿ, ಪುಸ್ತಕ ತೋರಿಸಿ ಎನ್ನಿ. ಒಬ್ಬನೇ ಕೇಳಲು ಅಂಜಿಕೆಯಾದರೆ ನಾಲ್ವರು ಕೂಡಿ ಕೇಳಿ.