ಗ್ರಾಚ್ಯುಟಿ ಲೆಕ್ಕ ಸರಿ, ಮನೆಯ ಲೆಕ್ಕ?

ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟವರು ನಮ್ಮ ಹತ್ತಿರ ಮೊದಲು ಕೇಳುವುದು, ಗ್ರಾಚ್ಯುಟಿ ಎಷ್ಟು ಬರ್ತದೆ ಅಂತ. ಅದನ್ನು ಮೊದಲು ಮುಗಿಸೋಣ. ಯುಎಇಯಲ್ಲಿ ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ. ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಕೈಗೆ 3,500 ದಿರ್ಹಮ್ ಬರ್ತಿದ್ದರೂ ಕಾಂಟ್ರಾಕ್ಟಿನಲ್ಲಿ ಬೇಸಿಕ್ 2,100 ಅಂತಿದ್ದರೆ ಲೆಕ್ಕ 2,100ರ ಮೇಲೆಯೇ. 12 ವರ್ಷ ದುಡಿದವರಿಗೆ ಮೊದಲ ಐದು ವರ್ಷಕ್ಕೆ 7,350, ಉಳಿದ ಏಳಕ್ಕೆ 14,700, ಒಟ್ಟು 22,050 ದಿರ್ಹಮ್. ಕಾಂಟ್ರಾಕ್ಟು ಮುಗಿದ 14 ದಿನದೊಳಗೆ ಕಂಪನಿ ಕೊಡಬೇಕು.

ಇನ್ನೊಂದು, ಎನ್‌ಆರ್‌ಇ ಖಾತೆ. ಊರಲ್ಲಿ ನೆಲೆಸಲೆಂದೇ ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಅದನ್ನು ಸ್ಥಳೀಯ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಅದರ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದಿಲ್ಲ. ತಿಳಿಸದೆ ಹಾಗೇ ಇಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಇದಿಷ್ಟು ಕಾಗದದ ಕೆಲಸ. ಯಾರಾದರೂ ಮಾಡಿಕೊಟ್ಟಾರು. ನಮ್ಮವರು ಎಡವುವುದು ಇಲ್ಲಲ್ಲ, ಮನೆಯೊಳಗೆ.

ರಜೆಗೆ ಹೋದಾಗ ನಾವು ನೆಂಟರು. ನಲವತ್ತು ದಿನ ಮೀನು, ಕೋಳಿ, ಮದುವೆ ಊಟ, ಅತ್ತೆ ಮನೆ. ಯಾರೂ ಏನೂ ಕೇಳುವುದಿಲ್ಲ. ನಿಲ್ಲಲು ಹೋದಾಗ ಮೂರನೇ ತಿಂಗಳಿಗೆ ಗೊತ್ತಾಗ್ತದೆ, ಮನೆ ನಾವಿಲ್ಲದೆಯೇ ನಡೆಯುವುದನ್ನು ಕಲಿತುಬಿಟ್ಟಿದೆ ಅಂತ. ಮಗ ಟೂರಿಗೆ ಹೋಗಲು ಅಮ್ಮನನ್ನೇ ಕೇಳುತ್ತಾನೆ. ಕೆಲಸದವರು ಕೂಲಿಗೆ ಅಮ್ಮಾ ಅಂತಲೇ ಕರೆಯುತ್ತಾರೆ. ಆಗ ನಮಗೆ ಒಳಗೊಳಗೇ ಉರಿ. ಶುರುವಾಗ್ತದೆ ತನಿಖೆ: ಕರೆಂಟ್ ಬಿಲ್ಲು ಇಷ್ಟು ಯಾಕೆ, ಗ್ಯಾಸು ಇಷ್ಟು ಬೇಗ ಮುಗಿದದ್ದು ಹೇಗೆ?

ಬೈಂದೂರು ಕಡೆಯ ಒಬ್ಬರ ಕತೆ. ಬಂದ ವಾರವೇ ಪಾಸ್‌ಬುಕ್ಕುಗಳನ್ನೆಲ್ಲ ತಮ್ಮ ಕಪಾಟಿಗೆ ಸೇರಿಸಿದರು. ಹೆಂಡತಿ ಒಂದು ಮಾತೂ ಆಡದೆ ತಮ್ಮ ಖರ್ಚಿನ ಪುಸ್ತಕವನ್ನೂ ತಂದಿಟ್ಟು, 'ಇನ್ನು ನೀವೇ ನೋಡಿಕೊಳ್ಳಿ' ಅಂದರಂತೆ. ಸ್ವಸಹಾಯ ಸಂಘಕ್ಕೆ ವಾರವಾರ ಕಟ್ಟುವುದು ದಂಡ ಅಂತ ಇವರು ನಿಲ್ಲಿಸಿದರು. 2020ರಲ್ಲಿ ಕೊರೊನಾ ಬಂದು ಇಲ್ಲಿ ಇವರ ಸಂಬಳ ನಾಲ್ಕು ತಿಂಗಳು ನಿಂತಾಗ ಮಕ್ಕಳ ಫೀಸು ಕಟ್ಟಿದ್ದು ಅದೇ ಸಂಘದ ಸಾಲದಿಂದ. ಆ ಸಂಗತಿ ಇವರಿಗೆ ಗೊತ್ತಾದದ್ದು ಸಂಘದವರು ಮನೆಗೆ ಬಂದು ಕೂತ ಮೇಲೆ. ದೂರದಲ್ಲಿದ್ದವರಿಗೆ ಯಾಕೆ ಚಿಂತೆ ಅಂತ ಆಕೆ ಹೇಳಿರಲಿಲ್ಲ. ನಾವು ಹಣ ಕಳಿಸಿದ್ದು ನಿಜ ಮಾರಾಯ್ರೇ, ಆದರೆ ಅದು ಸಾಲದ ತಿಂಗಳಲ್ಲಿ ಸಾಲ ಎತ್ತಿ, ತೀರಿಸಿ, ಮರ್ಯಾದೆ ಉಳಿಸಿದವರು ಅವರು. ಹನ್ನೆರಡು ವರ್ಷ ಅನುಭವ ಇರುವ ಅಕೌಂಟೆಂಟನ್ನು ಹೊಸದಾಗಿ ಬಂದ ಮ್ಯಾನೇಜರು ಮೊದಲ ವಾರವೇ ತೆಗೆದುಹಾಕಿದರೆ ಯಾವ ಕಂಪನಿ ನಡೆದೀತು?

ಆದ್ದರಿಂದ ಕೇಳಿದವರಿಗೆಲ್ಲ ನಾವು ಹೇಳುವುದು ಇದು. ಬಂದ ಹಣದಲ್ಲಿ ಒಂದು ವರ್ಷದ ಮನೆಖರ್ಚನ್ನು ಬೇರೆ ಎತ್ತಿಡಿ. ಇಲ್ಲಿಂದ ಕಳಿಸುತ್ತಿದ್ದಷ್ಟೇ ಮೊತ್ತವನ್ನು, ಅದೇ ತಾರೀಖಿಗೆ, ಹೆಂಡತಿಯ ಖಾತೆಗೆ ಹಾಕುತ್ತಾ ಬನ್ನಿ. ಒಂದೇ ಮನೆಯಲ್ಲಿದ್ದುಕೊಂಡು ಇದೆಂಥದ್ದು ಅಂತ ನಗುವವರು ನಗಲಿ. ಕೈಯಲ್ಲಿ ದೊಡ್ಡ ಮೊತ್ತ ಕಂಡರೆ ಹೋಟೆಲ್ ಪಾರ್ಟ್‌ನರ್ ಆಗು, ಜಾಗಕ್ಕೆ ಅಡ್ವಾನ್ಸ್ ಕೊಡು ಅಂತ ಭಾವ, ಮಾವ, ಹಳೆ ಕ್ಲಾಸ್‌ಮೇಟು ಸಾಲಾಗಿ ಬರುತ್ತಾರೆ. 'ಮನೆಯವಳನ್ನು ಕೇಳಿ ಹೇಳ್ತೇನೆ' ಅನ್ನುವ ಉತ್ತರ ಆಗ ಎಷ್ಟು ಉಪಕಾರಕ್ಕೆ ಬರ್ತದೆ ನೋಡಿ.

ಇನ್ನು ರಾಜೀನಾಮೆ ಕೊಡುವ ಮೊದಲು, ಈ ಸಲದ ರಜೆಯಲ್ಲೇ, ಒಂದು ಸಂಜೆ ಇಬ್ಬರೂ ಕೂತುಕೊಳ್ಳಿ. ಯಾರಿಗೆ ಎಷ್ಟು ಕೊಡುವುದಿದೆ, ಯಾರಿಂದ ಬರುವುದಿದೆ, ಸೊಸೈಟಿ ಸಾಲದ ಕಂತು, ಎಲ್‌ಐಸಿ ಪ್ರೀಮಿಯಂ, ಅಡವಿಟ್ಟ ಚಿನ್ನ, ಚೀಟಿ, ಎಲ್ಲವನ್ನೂ ಆಕೆಯೇ ಹೇಳಲಿ, ನೀವು ಬರೆದುಕೊಳ್ಳಿ. ನಡುವೆ 'ಯಾಕೆ' ಅಂತ ಕೇಳಬೇಡಿ. ಕೇಳಿದರೆ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ.