ರಹಸ್ಯ ಬೇರೆ, ಗುಟ್ಟು ಬೇರೆ



1888ರಲ್ಲಿ ಲಂಡನ್ನಿನಲ್ಲಿ ‘ಗೋಲ್ಡನ್ ಡಾನ್’ ಎಂಬ ಗುಪ್ತಸಂಘವೊಂದು ಹುಟ್ಟಿತು. ವೆಸ್ಟ್‌ಕಾಟ್, ಮ್ಯಾದರ್ಸ್, ವುಡ್‌ಮನ್ ಎಂಬ ಮೂವರು ಅದರ ಸ್ಥಾಪಕರು. ಸೇರಿದ ಸ್ತ್ರೀಪುರುಷರು ಗೋಪ್ಯತೆಯ ಪ್ರಮಾಣ ಮಾಡಿ, ಜ್ಯೋತಿಷ, ಟ್ಯಾರೋ ಎಲೆ, ಮಾಂತ್ರಿಕ ವಿಧಿಗಳನ್ನು ಕಲಿಯುತ್ತ ಮೆಟ್ಟಿಲುಮೆಟ್ಟಿಲಾಗಿ ಮೇಲೇರಬೇಕಿತ್ತು. ಕವಿ ಯೇಟ್ಸರಂತಹ ಮೇಧಾವಿಯೂ 1890ರಲ್ಲಿ ಅದರ ಸದಸ್ಯರಾದರು.

ಆ ಸಂಘದ ಅಧಿಕಾರಕ್ಕೆ ಆಧಾರವೇನು? ಜರ್ಮನಿಯ ಅನ್ನಾ ಸ್ಪ್ರೆಂಗೆಲ್ ಎಂಬ ಸಾಧಕಿ ಬರೆದಳೆನ್ನಲಾದ ಪತ್ರಗಳು. ಅವು ವೆಸ್ಟ್‌ಕಾಟರ ಕೃತಕ ಸೃಷ್ಟಿಯೆಂದು 1900ರಲ್ಲಿ ಸ್ವತಃ ಮ್ಯಾದರ್ಸರೇ ಆರೋಪಿಸಿದರು. ಸಂಘ ಒಡೆಯಿತು. ಗೋಪ್ಯತೆಯ ಪ್ರಮಾಣವೇ ಸತ್ಯಪರೀಕ್ಷೆಗೆ ಬೀಗವಾಗಿತ್ತು.

ಇದಕ್ಕೆ ತದ್ವಿರುದ್ಧವಾದ ನಿದರ್ಶನ ನಮ್ಮ ನೆಲದಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ದೊಡ್ಡವರಷ್ಟೇ ಅಲ್ಲ, ಸಾಮಾನ್ಯರೂ ಪ್ರಯತ್ನದಿಂದ ಉನ್ನತಿ ಪಡೆಯಬಲ್ಲರು. ತಂದೆತಾಯಿಯರಿಗೆ ವಿಧೇಯರಾಗಬೇಕು, ಜೀವದಯೆ ತೋರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಸಾರ. ಬಂಡೆಯ ಮೇಲೆ ಬಹಿರಂಗವಾಗಿ ಕೆತ್ತಿದ ಬೋಧನೆಯದು.

ದೇವರಹಸ್ಯವು ನಮ್ಮ ಬುದ್ಧಿಯನ್ನು ಮೀರಿದ್ದು. ಆದರೆ ಅದನ್ನು ಯಾರಿಂದಲೂ ಬಚ್ಚಿಟ್ಟಿಲ್ಲ. ಗುಟ್ಟಾದರೋ ಬುದ್ಧಿಗೆ ಎಟುಕುವಂಥದ್ದೇ. ಪರೀಕ್ಷೆಗೆ ಅಂಜಿ ಅಡಗಿರುತ್ತದೆ. ಪ್ರಭು ಯೇಸುವೂ ತಾವು ಗುಟ್ಟಾಗಿ ಏನನ್ನೂ ಬೋಧಿಸಲಿಲ್ಲವೆಂದು ಮಹಾಯಾಜಕನೆದುರು ಸಾರಿದರು.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಮ್ಮ ಮನೆಗಳಿಗೆ ಯಾರಾದರೂ ನಿಧಿಯ ಆಸೆಯನ್ನೋ ಗುಪ್ತವಿದ್ಯೆಯ ಆಮಿಷವನ್ನೋ ಹೊತ್ತು ಬಂದು, ‘ಮನೆಯವರಿಗೂ ಹೇಳಬೇಡಿ’ ಎಂದು ಆಣೆ ಹಾಕಿಸಿದರೆ, ಒಂದೇ ಪ್ರಶ್ನೆ ಕೇಳಿರಿ: ‘ಇದನ್ನು ಊರವರೆಲ್ಲರ ಎದುರು ಹೇಳಬಲ್ಲಿರಾ?’